ಸೋದರಮಾವನ ಕಾರಿಗೂ ಊಟ

ಹೊಸ ಸಾಮಾನು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಇಂಥದ್ದೇನಾದರೂ ಆಗಿಯೇ ತೀರುತ್ತದೆ. ಈ ಸಲ ಬಂದದ್ದು ಕಾರು. ಚಿತ್ರದುರ್ಗದಲ್ಲಿ ನಮ್ಮೆಜಮಾನರು ಹೈಬ್ರಿಡ್ ತಂದರು. ಹಿರಿಯೂರಿನಲ್ಲಿ ನಮ್ಮಣ್ಣ ಎಲೆಕ್ಟ್ರಿಕ್ ತಂದ. ಅಲ್ಲಿಂದ ಇಬ್ಬರಿಗೂ ಜಿದ್ದು.

೧. ವೈರು

ಚಕ್ರದಡಿಯ ನಿಂಬೆಹಣ್ಣು ಒಡೆದು ಪೂಜೆ ಮುಗಿಯುವಷ್ಟರಲ್ಲಿ ಅತ್ತೆ ಕಿಟಕಿಯಿಂದ ವೈರು ಎಳೆದುಕೊಂಡು ಬಂದು ಕಾರನ್ನು ಒಂದು ಸುತ್ತು ಹಾಕಿದರು.

"ಪಿನ್ ಚುಚ್ಚೋ ಜಾಗ ಎಲ್ಲೈತೆ?"

"ಇದಕ್ಕಿಲ್ಲ ಅತ್ತೆ. ಪೆಟ್ರೋಲ್ ಹಾಕಿದ್ರೆ ಓಡ್ತಾ ಓಡ್ತಾ ಬ್ಯಾಟರಿ ತಾನೇ ತುಂಬ್ಕಂತೈತೆ. ವೈರು ಚುಚ್ಚೋದು ಅಣ್ಣನ ಕಾರಿಗೆ. ಅದಕ್ಕೆ ಪೆಟ್ರೋಲೇ ಇಲ್ಲ, ಬರೀ ಕರೆಂಟು."

ಅತ್ತೆ ವೈರು ಸುತ್ತಿಕೊಂಡರು. "ಅಂದ್ರೆ ನಿಮ್ಮಣ್ಣ ಬಂದ್ರೆ ಅವನ ಕಾರಿಗೂ ನಾವೇ ಉಣ್ಣಾಕೆ ಇಕ್ಕಬೇಕು!"

೨. ಸ್ವಿಚ್ಚು

ಮಗನ ಜವಳ ಹೊರಕೆರೆದೇವಪುರದ ದೇವಸ್ಥಾನದಲ್ಲಿ ಎಂದು ನಿಶ್ಚಯವಾಯಿತು. ಮೊದಲ ಕೂದಲು ತೆಗೆಯುವಾಗ ಮಗು ಸೋದರಮಾವನ ತೊಡೆಯ ಮೇಲೇ ಇರಬೇಕು, ಅದೂ ರಾಹುಕಾಲ ಶುರುವಾಗುವ ಮುಂಚೆ. ಅಣ್ಣ ಹಿಂದಿನ ದಿನವೇ ಬಂದು, ಕಾರಿಗೆ ವೈರು ಚುಚ್ಚಿ ಮಲಗಿದ. ಬೆಳಗ್ಗೆ ನೋಡಿದರೆ ಚಾರ್ಜೇ ಏರಿಲ್ಲ. ಮಲಗುವ ಮುಂಚೆ ಮನೆಯ ಸ್ವಿಚ್ಚೆಲ್ಲ ಆರಿಸುವುದು ಅತ್ತೆಯ ಅಭ್ಯಾಸ.

"ಏನಮ್ಮಾ, ಹಿಂಗ್ ಮಾಡಿಬಿಟ್ರಿ!" ಎಂದ ಅಣ್ಣ.

"ರಾತ್ರಿಯೆಲ್ಲ ತಿಂತಾ ಇದ್ರೆ ಯಾರಿಗಾದ್ರೂ ಅಜೀರ್ಣ ಆಗ್ತೈತಪ್ಪ" ಎಂದರು ಅತ್ತೆ.

೩. ಜವಳ

ಎರಡೂ ಕಾರಿನಲ್ಲಿ ಹೊರಟೆವು. ದಾರಿಯಲ್ಲಿ ಸಿಗುವ ಹೊಳಲ್ಕೆರೆಯಲ್ಲಿ ಅಣ್ಣ ಚಾರ್ಜಿಗೆ ನಿಲ್ಲಿಸಿದ. ನಮ್ಮೆಜಮಾನರಿಗೆ ಹಬ್ಬ. "ಕುಂತ್ಕಂಡು ಕುಡಿಸಪ್ಪ, ನಾವು ಹೋಗಿರ್ತೀವಿ" ಎಂದು ನಮ್ಮನ್ನು ಹತ್ತಿಸಿಕೊಂಡು ಹೊರಟೇಬಿಟ್ಟರು. ಸೋದರಮಾವನನ್ನು ಬಿಟ್ಟು ಅಲ್ಲಿ ಹೋಗಿ ಮಾಡುವುದೇನು ಎಂದು ಕೇಳುವವರಿಲ್ಲ. ಪೆಟ್ರೋಲಿನ ಮುಳ್ಳು ಬೇರೆ ತಳ ಮುಟ್ಟಿತ್ತು.

"ರೀ, ಪೆಟ್ರೋಲ್ ಹಾಕಿಸ್ರಿ."

"ಲೇ, ಇದು ಹೈಬ್ರಿಡ್. ಪೆಟ್ರೋಲ್ ಮುಗಿದ್ರೆ ಬ್ಯಾಟರಿ ಮೇಲೆ ಹೋಗ್ತೈತೆ."

"ಆ ಬ್ಯಾಟರಿ ತುಂಬ್ಸೋದೇ ಪೆಟ್ರೋಲು ಕಣ್ರೀ."

ಕೇಳಲಿಲ್ಲ. ಊರು ದಾಟಿದ ಮೇಲೆ ಎಂಜಿನ್ ನಿಂತು ಕಾರು ತಣ್ಣಗೆ ಸಾಗಿತು. "ಕೇಳು, ಸದ್ದೇ ಇಲ್ಲ!" ಎಂದು ಮೀಸೆ ತಿರುವಿದರು. ಸ್ವಲ್ಪ ದೂರಕ್ಕೆ ಕಾರೇ ನಿಂತಿತು.

"ಈಗಲೂ ಸದ್ದಿಲ್ಲ" ಎಂದೆ.

ರಾಹುಕಾಲ ಹತ್ತಿರವಾಗಿತ್ತು. ಅಷ್ಟರಲ್ಲಿ ಅಣ್ಣನ ಕಾರು ಬಂತು. "ಬರ್ರಿ ಭಾವ, ಹೋಗಾಣ" ಎಂದ. ಇವರು ಹತ್ತಲಿಲ್ಲ, ಹೊಸ ಗಾಡಿ ಕಾಯಬೇಕಂತೆ. ನಾನು, ಮಗು, ಅತ್ತೆ ಹತ್ತಿ ಹೊರಟೆವು. ಹೊತ್ತು ಮೀರುವ ಮುಂಚೆ ಮಗ ಮಾವನ ತೊಡೆಯ ಮೇಲೆ ಕಿರುಚಾಡಿ ಬೋಳನಾದ.

ನಮ್ಮೆಜಮಾನರು ಬೈಕಿನವನೊಬ್ಬನಿಂದ ಪೆಟ್ರೋಲ್ ತರಿಸಿಕೊಂಡು ಬಂದಾಗ ನಾವು ಪಾಯಸ ಉಣ್ಣುತ್ತಿದ್ದೆವು.

"ಹೆತ್ತ ಅಪ್ಪನ್ನೇ ಬಿಟ್ಟು ಮುಗಿಸಿದ್ರಾ?"

ಅತ್ತೆ ಅವರಿಗೂ ಎಲೆ ಹಾಕಿದರು. "ಕಾಯೋದ್ಯಾಕೆ? ನೀನು ಹೆಂಗೂ ಬ್ಯಾಟರಿ ಮೇಲೆ ಬರ್ತೀಯ ಅಂದ್ಕಂಡ್ವಿ ಕಣಪ್ಪ."