ನಾಲ್ಕು ಕಿಲೋದ ಪೇಶಂಟು

ನಮ್ಮ ಮಾವನವರು ಯಾರನ್ನೇ ಆಗಲಿ ಮೊದಲು ಕಿವಿ ಹಿಡಿದು ಮಾತಾಡಿಸುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ. ಬೈಯುವುದಕ್ಕಲ್ಲ! ಕಿವಿ ಬಿಸಿ ಇದ್ದರೆ ಜ್ವರ, ತಣ್ಣಗಿದ್ದರೆ ಹೊಟ್ಟೆಯ ತೊಂದರೆ, ಹದವಾಗಿ ಬೆಚ್ಚಗಿದ್ದರೆ ಕೂತು ಚಹಾ ಕುಡಿಯಬಹುದು. ಮೂವತ್ತೆಂಟು ವರ್ಷ ಉದಗೀರ, ನಿಲಂಗಾ ಕಡೆಯ ದನದ ದವಾಖಾನೆಗಳಲ್ಲಿ ಕಂಪೌಂಡರ್ ಆಗಿದ್ದವರು ಅವರು. ನಿವೃತ್ತಿಯಾಗಿ ಹದಿನಾರು ವರ್ಷ ಕಳೆದರೂ ಕೈ ಮಾತ್ರ ಇನ್ನೂ ಕಿವಿಯ ಎತ್ತರದಿಂದ ಕೆಳಗಿಳಿದಿಲ್ಲ. ನಮ್ಮ ಮನೆಗೆ ಚಹಾಕ್ಕೆ ಬಂದ ಹೆಡ್‌ಮಾಸ್ತರರ ಕಿವಿಯನ್ನೂ ಹಿಡಿದು ನೋಡಿ, "ಸರ್, ತುಮ್ಹೀ ಪಾಣಿ ಕಮೀ ಪಿತಾಯ್" ಎಂದು ಮರಾಠಿಯಲ್ಲಿ ಹೇಳಿದರು. ನೀರು ಕಡಿಮೆ ಕುಡಿಯುವ ಹೆಡ್‌ಮಾಸ್ತರರು ಆವತ್ತು ಚಹಾ ಬೇಡವೆಂದು ಎರಡು ಲೋಟ ನೀರು ಕುಡಿದು ಹೋದರು.

ನನ್ನನ್ನು ನೋಡಲು ಭಾಲ್ಕಿ ಹತ್ತಿರದ ನಮ್ಮೂರಿಗೆ ಬಂದಾಗಲೂ ಇದೇ ಕಥೆ. ಬೇರೆಯವರ ಮಾವಂದಿರು ಅಡುಗೆ ಬರುತ್ತದೆಯೇ, ಎಷ್ಟು ಓದಿದ್ದಾಳೆ ಎಂದು ಕೇಳುತ್ತಾರೆ. ಇವರು ಕೇಳಿದ್ದು ಒಂದೇ ಪ್ರಶ್ನೆ: "ಹುಡುಗಿ ನೀರು ಎಷ್ಟು ಕುಡೀತಾಳ್ರಿ?" ನಮ್ಮಪ್ಪ ಗಾಬರಿಯಾಗಿ, "ಚರಿಗಿಗಟ್ಲೆ ಕುಡೀತಾಳ್ರಿ!" ಅಂದುಬಿಟ್ಟರು. ಸಂಬಂಧ ಕೂಡಿಬಂತು. ಕೊಟ್ಟಿಗೆಗೆ ಹೋದಾಗಲೆಲ್ಲ ಅವರು ಮೊದಲು ಕೇಳುತ್ತಿದ್ದುದು ಅದನ್ನೇ ಎಂದು ನನಗೆ ತಿಳಿದದ್ದು ಮದುವೆಯಾದ ಮೇಲೆ.

ಅವರ ಲೆಕ್ಕದಲ್ಲಿ ಜೀವಿಗಳ ಪೈಕಿ ಮೊದಲ ಸ್ಥಾನ ದೇವಣಿ ಆಕಳಿಗೆ. ಕಪ್ಪು ಬಿಳಿ ಮಚ್ಚೆಯ, ಜೋಲುಗಿವಿಯ ಆ ನಮ್ಮ ಸೀಮೆಯ ತಳಿಯನ್ನು ಬಸ್ಸಿನ ಕಿಟಕಿಯಿಂದ ಕಂಡರೂ ಕೈ ಮುಗಿಯುತ್ತಾರೆ. ಆಮೇಲೆ ಎಮ್ಮೆ, ಎತ್ತು, ಆಡು. ಮನುಷ್ಯರು ಆಡಿನ ನಂತರ ಎಲ್ಲೋ ಬರುತ್ತಾರೆ. ನಮ್ಮ ಮನೆಯ ನಾಯಿ ಮೋತಿ ಈ ಪಟ್ಟಿಯಲ್ಲಿ ಇರಲೇ ಇಲ್ಲ. ಬಿಳಿ ರೋಮದ, ಬೆಕ್ಕಿಗಿಂತ ತುಸು ದೊಡ್ಡದಾದ ಗಂಡು ನಾಯಿ ಅದು. ನಿಲಂಗಾದಲ್ಲಿ ನನ್ನ ಹತ್ತಿರ ಬ್ಲೌಸ್ ಹೊಲಿಸಲು ಬರುತ್ತಿದ್ದ ಹೆಂಗಸೊಬ್ಬರು ಊರು ಬಿಟ್ಟು ಹೋಗುವಾಗ ನನಗೆ ಕೊಟ್ಟು ಹೋಗಿದ್ದರು. ಮಾವನವರು ಅದನ್ನು ಮೂರು ವರ್ಷ ನೋಡಿದ್ದೂ ಇಲ್ಲ, ಮುಟ್ಟಿದ್ದೂ ಇಲ್ಲ.

"ಮಾವಾ, ಮೋತಿ ಯಾಕೋ ಊಟ ಮಾಡವಲ್ದು, ಸ್ವಲ್ಪ ನೋಡ್ರಿ" ಎಂದರೆ, "ಅದು ಜನಾವರ ಅಲ್ಲವ್ವ, ಜನಾವರದ ಸ್ಯಾಂಪಲ್. ಸ್ಯಾಂಪಲ್ಲಿಗೆ ಔಷಧ ಕೊಡಂಗಿಲ್ಲ" ಎನ್ನುತ್ತಿದ್ದರು.

ಹೀಗಿರುವಾಗ ನಾವು ಮನೆ ಬದಲಿಸಿದೆವು. ನನ್ನ ಗಂಡನದು ಉಮರ್ಗಾದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ದಿನಾ ನಿಲಂಗಾದಿಂದ ಓಡಾಡಿ ಸಾಕಾಗಿ, ಉಮರ್ಗಾದ ಹೊರಗೆ ಯೆಣೆಗೂರಿನ ಕಡೆ ಹೋಗುವ ರಸ್ತೆಯ ಬದಿಗೆ ಮನೆ ಕಟ್ಟಿಸಿದರು. ಅತ್ತೆ ತೀರಿಕೊಂಡು ಆರು ವರ್ಷವಾಗಿತ್ತು. ಹಾಗಾಗಿ ಹೊಸ ಮನೆಗೆ ಬಂದವರು ನಾನು, ನನ್ನ ಗಂಡ, ಮಾವನವರು ಮತ್ತು ಪಟ್ಟಿಯಲ್ಲಿಲ್ಲದ ಮೋತಿ. ಸದ್ಯಕ್ಕೆ ಹಾಲುಕ್ಕಿಸಿ ಒಳಗೆ ಬಂದೆವು. ವಾಸ್ತುಶಾಂತಿ, ಜಂಗಮ ಅಯ್ನೋರ ಪಾದಪೂಜೆ, ಊರೂಟ ಎಲ್ಲಾ ಒಂದು ತಿಂಗಳು ಬಿಟ್ಟು ಎಂದು ನಿಶ್ಚಯವಾಯಿತು.

ನಿಲಂಗಾದ ಬಾಡಿಗೆ ಮನೆಗೆ ಮಣ್ಣಿನ ಅಂಗಳವಿತ್ತು. ಮೋತಿ ರಾತ್ರಿ ತನಗೆ ಬೇಕಾದಾಗ ಎದ್ದು ಹೊರಗೆ ಹೋಗಿ ಬರುತ್ತಿತ್ತು. ಮೂರು ವರ್ಷದಲ್ಲಿ ಒಂದು ದಿನವೂ ಮನೆಯೊಳಗೆ ಹೊಲಸು ಮಾಡಿದ್ದಿಲ್ಲ. ಇಲ್ಲಿ ಹೊರಗೆ ಹೆದ್ದಾರಿ, ರಾತ್ರಿಯಿಡೀ ಲಾರಿಗಳು. ಬಾಗಿಲು ಹಾಕಿಯೇ ಮಲಗಬೇಕು. ಮೊದಲ ಮುಂಜಾನೆ ಎದ್ದು ನೋಡಿದರೆ ಹಾಲ್‌ನಲ್ಲಿ, ಮುಂಬಾಗಿಲ ಎಡಗಡೆಯ ಮೂಲೆಯಲ್ಲಿ, ಹೊಸ ಟೈಲ್ಸಿನ ಮೇಲೆ ಪುಟ್ಟದೊಂದು ಕೆರೆ! ಹೊಸ ಜಾಗ, ಪಾಪ, ಎಂದುಕೊಂಡೆ. ಎರಡನೆಯ ದಿನವೂ ಕೆರೆ, ಮೂರನೆಯ ದಿನವೂ ಕೆರೆ. ನಾಲ್ಕನೆಯ ದಿನ ನನ್ನ ಗಂಡ ಅಂಗಡಿಗೆ ಹೊರಟವರು ಸಾಕ್ಸ್ ಹಾಕಿದ ಕಾಲನ್ನು ಸರಿಯಾಗಿ ಅದರ ನಡುಮಧ್ಯೆ ಇಟ್ಟರು.

ಸಾಕ್ಸ್ ಬಿಚ್ಚುತ್ತಲೇ ತೀರ್ಪು ಬಂತು. "ನೋಡು, ಇದೇ ಮೂಲ್ಯಾಗ ಅಯ್ನೋರ ಗದ್ದಿಗಿ ಹಾಕೋದದ. ವಾಸ್ತು ತನಕಾ ಟೈಮ್ ಕೊಡ್ತೀನಿ. ಅಷ್ಟರಾಗ ಇದು ನಿಲ್ಲಲಿಲ್ಲ ಅಂದ್ರ ನಿನ್ನ ಮೋತಿನ್ನ ಜಳಕೋಟಕ್ಕ ಅಕ್ಕನ ಹೊಲಕ್ಕ ಬಿಟ್ಟು ಬರ್ತೀನಿ."

ಜಳಕೋಟದ ದೊಡ್ಡ ನಾದಿನಿಯ ಹೊಲದಲ್ಲಿ ನಾಲ್ಕು ದೊಡ್ಡ ನಾಯಿಗಳಿವೆ, ಹಂದಿ ಓಡಿಸುವಂಥವು. ಮೋತಿ ಅಲ್ಲಿ ಒಂದು ವಾರ ಬದುಕಿದರೆ ಹೆಚ್ಚು. ಗಂಡ ಅಂಗಡಿಗೆ ಹೋದ ಮೇಲೆ ಆ ಹೊಸ ಓಣಿಯಲ್ಲಿ ನನ್ನ ಹಿಂದೆ ಮುಂದೆ ಓಡಾಡುತ್ತಿದ್ದ ಜೀವ ಅದೊಂದೇ. ಹೊಲಿಗೆ ಯಂತ್ರದ ಕೆಳಗೆ ನನ್ನ ಪಾದದ ಪಕ್ಕ ಮಲಗಿರುತ್ತಿತ್ತು. ನನಗೆ ಅಳುವೇ ಬಂತು. ಬೇರೆ ದಾರಿ ಕಾಣದೆ ಮಾವನವರ ಮುಂದೆ ಹೋಗಿ ನಿಂತೆ.

"ಮಾವಾ, ಸ್ಯಾಂಪಲ್ ಆದ್ರೂ ಆಗ್ಲಿ, ಈ ಒಂದ್ ಸಲ ನೋಡ್ರಿ."

ಅವರು ಟ್ರಂಕಿನಿಂದ ಹಳೆಯ ರಿಜಿಸ್ಟರ್ ತೆಗೆದು, ಕನ್ನಡಕ ಏರಿಸಿ ಮರಾಠಿಯಲ್ಲಿ ಬರೆಯತೊಡಗಿದರು. ಜನಾವರ: ಕುತ್ರಾ, ಅಂದರೆ ನಾಯಿ. ವಜನ್, ಅಂದರೆ ತೂಕ, ಎಂಬಲ್ಲಿ ಕೈ ರೂಢಿಯಂತೆ ನಾಲ್ಕು ನೂರು ಎಂದು ಬರೆಯಿತು. ಮೋತಿಯನ್ನು ಒಮ್ಮೆ ನೋಡಿ, ನಿಟ್ಟುಸಿರುಬಿಟ್ಟು, ಎರಡು ಸೊನ್ನೆ ಹೊಡೆದು ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ನೀರು ಎಷ್ಟು ಕುಡೀತದ?" ಎಂದರು. ಇನ್ನೇನು ಕೇಳಿಯಾರು!

ಚಿಕಿತ್ಸೆ ಶುರುವಾಯಿತು. ಮೊದಲ ಕ್ರಮ, ಸಂಜೆಯಾದ ಮೇಲೆ ನೀರು ಬಂದ್. ಮೋತಿ ಬಟ್ಟಲು ಖಾಲಿ ಇರುವುದನ್ನು ನೋಡಿ, ತುಳಸಿ ಕುಂಡದ ತಟ್ಟೆಯಲ್ಲಿದ್ದ ನೀರು ಕುಡಿದು ಬಂತು. ಎರಡನೆಯ ಕ್ರಮ, ಮೂಲೆಗೆ ಹೋಗದಂತೆ ಕಟ್ಟಿಹಾಕುವುದು. ಅದಕ್ಕೆ ಎಮ್ಮೆ ಕಟ್ಟುವ ಸರಪಳಿ ತಂದರು. ಸರಪಳಿ ಮೋತಿಗಿಂತ ಭಾರ! ಕೊರಳಪಟ್ಟಿಯಿಂದ ತಲೆ ನುಣುಚಿಕೊಂಡು ಹೋಗಿ, ಮೂಲೆಯ ಕೆಲಸ ಮುಗಿಸಿ, ವಾಪಸು ಬಂದು ಅದೇ ಸರಪಳಿಯ ಮೇಲೆ ತಲೆಯಿಟ್ಟು ನಿದ್ದೆ ಮಾಡಿತ್ತು. ಮೂರನೆಯ ಕ್ರಮ, ನಡುರಾತ್ರಿ ಎಬ್ಬಿಸಿ ಹೊರಗೆ ಒಯ್ಯುವುದು. ಎಪ್ಪತ್ತನಾಲ್ಕರ ಮಾವನವರು ತಲೆಗೆ ಮಫ್ಲರ್ ಸುತ್ತಿ, ಕೈಯಲ್ಲಿ ಬ್ಯಾಟರಿ ಹಿಡಿದು, ಮೂರು ವರ್ಷ ಕಣ್ಣೆತ್ತಿ ನೋಡದ ನಾಯಿಯ ಹಿಂದೆ ಗೇಟಿನ ಹತ್ತಿರ ನಿಲ್ಲುತ್ತಿದ್ದರು. ಮೋತಿ ಲಾರಿಗಳ ಸದ್ದಿಗೆ ನಡುಗುತ್ತ ನಿಂತು, ಒಂದು ಹನಿಯನ್ನೂ ಬಿಡದೆ ಒಳಗೆ ಬಂದು, ನೆಮ್ಮದಿಯಿಂದ ಮೂಲೆಗೆ ಹೋಗುತ್ತಿತ್ತು.

ಇದೆಲ್ಲದರ ಜೊತೆ ಒಂದು ಕೆಲಸವನ್ನು ಮಾವನವರು ಹೊಸ ಮನೆಗೆ ಬಂದ ಮೊದಲ ದಿನದಿಂದಲೇ ತಪ್ಪದೆ ಮಾಡುತ್ತಿದ್ದರು. ಬೆಳಗಾದ ಕೂಡಲೇ ಆ ಮೂಲೆಯ ಶುದ್ಧೀಕರಣ. ಹಿಂದಿನ ಓಣಿಯಲ್ಲಿ ಒಬ್ಬರ ಮನೆಯಲ್ಲಿ ದೇವಣಿ ಆಕಳಿತ್ತು. ಅದರ ಗೋಮೂತ್ರವನ್ನು ಬಾಟಲಿಯಲ್ಲಿ ಹಿಡಿದು ತಂದು, ಮೂಲೆಗೆ ಸುರಿದು, ಅರ್ಧ ತಾಸು ಬಿಟ್ಟು ಒರೆಸುತ್ತಿದ್ದರು. ನಾನು ಫಿನಾಯಿಲ್ ಹಿಡಿದು ಬಂದರೆ ಕೈ ಅಡ್ಡ ಮಾಡುತ್ತಿದ್ದರು.

"ಫಿನಾಯಿಲ್ ಸರ್ಕಾರಿ ಮಾಲು. ಇದು ದೇವಣಿದು. ಯಾವ ಕೀಟಾಣು ಉಳೀತದ ನೋಡ್ತೀನಿ!"

ಕೀಟಾಣುಗಳು ಉಳಿದವೋ ಇಲ್ಲವೋ, ಕೆರೆ ಮಾತ್ರ ದಿನಾ ಅಲ್ಲೇ ಇರುತ್ತಿತ್ತು. ಎಷ್ಟು ಶುದ್ಧಿ ಮಾಡಿದರೆ ಅಷ್ಟು ದೊಡ್ಡದಾಗುತ್ತಿತ್ತು! ಮಾವನವರು ಗೋಮೂತ್ರವನ್ನು ಒಂದು ಬಾಟಲಿಯಿಂದ ಎರಡಕ್ಕೆ ಏರಿಸಿದರು. ಮೋತಿಯೂ ಏರಿಸಿತು.

ಎರಡು ವಾರ ಹೀಗೇ ಹೋಯಿತು. ನನ್ನ ಗಂಡ ಒಂದು ದಿನ ಜಳಕೋಟಕ್ಕೆ ಫೋನ್ ಮಾಡಿ, "ಅಕ್ಕಾ, ವಾಸ್ತು ಆದ ಮ್ಯಾಲ ಒಂದ್ ಪಾರ್ಸಲ್ ತರ್ತೀನಿ" ಅಂದದ್ದು ನನ್ನ ಕಿವಿಗೆ ಬಿತ್ತು. ಆವತ್ತು ರೊಟ್ಟಿ ಬಡಿಯುವಾಗ ಕೈಯೇ ಓಡಲಿಲ್ಲ.

ಅಷ್ಟರಲ್ಲಿ ಆಕಳಿನ ಮನೆಯವರು ಬೀಗರ ಮದುವೆಗೆಂದು ಮಾಕಣಿಗೆ ಹೋದರು. ಆಕಳನ್ನು ಯಾರದೋ ಹೊಲಕ್ಕೆ ಕಳಿಸಿದ್ದರಿಂದ ಎರಡು ದಿನ ಮಾವನವರಿಗೆ ಗೋಮೂತ್ರ ಸಿಗಲಿಲ್ಲ. ಮಾವನವರು ಖಾಲಿ ಬಾಟಲಿ ಹಿಡಿದು ಮುಖ ಸಣ್ಣ ಮಾಡಿಕೊಂಡು ಬಂದರು. ನಾನು ಪಾತ್ರೆ ತಿಕ್ಕುವ ಪುಡಿಯಿಂದ ಮೂಲೆಯನ್ನು ತಿಕ್ಕಿ, ಬಿಸಿನೀರು ಹಾಕಿ, ಅರ್ಧ ಲಿಂಬೆಹಣ್ಣು ಉಜ್ಜಿ ಬಿಟ್ಟೆ. ಮರುದಿನ ಮೂಲೆ ಒಣಗಿತ್ತು. ಅದರ ಮರುದಿನವೂ ಒಣಗಿತ್ತು! "ಸರಪಳಿ ಕೆಲಸ ಮಾಡ್ತು" ಎಂದು ಮಾವನವರು ರಿಜಿಸ್ಟರಿನಲ್ಲಿ ಬರೆದುಕೊಂಡರು. ಮೂರನೆಯ ದಿನ ಆಕಳು ಬಂತು, ಗೆದ್ದ ಖುಷಿಯಲ್ಲಿ ಮಾವನವರು ಮೂಲೆಗೆ ಮೂರು ಬಾಟಲಿ ಸುರಿದರು. ನಾಲ್ಕನೆಯ ಮುಂಜಾನೆ ಕೆರೆ ಕೋಡಿ ಬಿದ್ದಿತ್ತು.

ನನಗೆ ವಿಷಯ ಹೊಳೆಯಿತು. ಆದರೆ ಹೇಳುವುದು ಹೇಗೆ? ಮೂವತ್ತೆಂಟು ವರ್ಷದ ಅನುಭವದ ಮುಂದೆ, ಅದೂ ದೇವಣಿ ಆಕಳ ಮೇಲೆ, ಸೊಸೆ ದೂರು ಹೇಳುವುದೇ? ಚಹಾ ಮಾಡಿ ತಂದು ನೋಡುತ್ತೇನೆ, ಮಾವನವರು ಧೋತರ ಎತ್ತಿ ಕಟ್ಟಿ, ಕೈ ಮೊಣಕಾಲು ಊರಿ, ಮೂಗನ್ನು ಟೈಲ್ಸಿಗೆ ಹಚ್ಚಿ ಮೂಸುತ್ತಿದ್ದಾರೆ! ಪಕ್ಕದಲ್ಲೇ ಮೋತಿ, ಅದೇ ಟೈಲ್ಸನ್ನು ಮೂಸುತ್ತಿದೆ. ಇಬ್ಬರೂ ಒಮ್ಮೆ ಮುಖ ಎತ್ತಿ ಒಬ್ಬರನ್ನೊಬ್ಬರು ನೋಡಿದರು. ಮತ್ತೆ ಮೂಸಿದರು.

"ಯವ್ವಾ," ಎಂದರು ಮಾವನವರು, ಕೆಳಗಿನಿಂದಲೇ. "ನಾ ಹುಚ್ಚ ಅದೀನಿ."

"ಯಾಕ್ರಿ ಮಾವಾ?"

"ನಾಕ್ ನೂರು ಕಿಲೋದ ಆಕಳು ದಿನಾ ಮುಂಜಾನೆ ಬಂದು ಇದರ ಮನ್ಯಾಗ ಉಚ್ಚಿ ಹೊಯ್ದು ಹೋಗ್ಲಿಕತ್ತದ ಅಂತ ತಿಳಕೊಂಡದ ಇದು. ಇದು ನನ್ನ ಮನಿ, ನಿಂದಲ್ಲ ಅಂತ ರಾತ್ರಿ ಎದ್ದು ಜವಾಬು ಕೊಡ್ಲಿಕತ್ತದ. ಇಷ್ಟಿದ್ದದ್ದು, ಅಷ್ಟು ದೊಡ್ಡ ಆಕಳಿಗೆ! ಏನ್ ಧೈರ್ಯ ಅದ ನೋಡು!" ಎಂದು ಮೊದಲ ಸಲ ಅದರ ಕಿವಿ ಹಿಡಿದರು. ಕಿವಿ ಹದವಾಗಿ ಬೆಚ್ಚಗಿತ್ತಂತೆ. ಮೋತಿ ಪಟ್ಟಿಗೆ ಸೇರಿತು.

ಆಮೇಲಿನದು ಸಲೀಸು. ಮೂಲೆಗೆ ದಿನಾ ಪುಡಿ, ಬಿಸಿನೀರು, ಲಿಂಬೆ. ಜವಾಬು ಕೊಡುವ ಕೆಲಸ ಹೊರಗೇ ಆಗಲಿ ಎಂದು, ಲಾರಿಗಳ ಕಾಟ ಕಡಿಮೆ ಇರುವ ಹಿತ್ತಲ ಕಡೆ ಮಣ್ಣು ಹಾಕಿಸಿದರು. ಮಲಗುವ ಮುಂಚೆ ಮೋತಿಯನ್ನು ಕರೆದುಕೊಂಡು ಕಾಂಪೌಂಡಿನ ನಾಲ್ಕೂ ಮೂಲೆ ಸುತ್ತಿಸುತ್ತಿದ್ದರು, ಹೊಲ ಅಳೆಯುವ ಮೋಜಣಿಯವರ ಹಾಗೆ. "ಇದು ನಿನ್ನ ಹದ್ದು. ಇಲ್ಲಿ ಬರಿ. ಇಲ್ಲಿನೂ ಬರಿ" ಎಂಬ ಸೂಚನೆ ಅಡುಗೆಮನೆಯ ತನಕ ಕೇಳುತ್ತಿತ್ತು. ನಾಲ್ಕು ದಿನ ಹಾಲ್ ಒಣಗಿಯೇ ಇತ್ತು. ಐದನೆಯ ದಿನ ಊಟಕ್ಕೆ ಕೂತಾಗ ಮಗನಿಗೆ ಹೇಳಿದರು, "ತಪ್ಪು ನಾಯಿದಲ್ಲ, ನಂದು." ಹುಟ್ಟಿದಾಗಿನಿಂದ ಅಪ್ಪನ ಬಾಯಲ್ಲಿ ಆ ಮಾತು ಕೇಳದ ನನ್ನ ಗಂಡ ಕೈಯಲ್ಲಿದ್ದ ರೊಟ್ಟಿ ತುಣುಕನ್ನು ಬಾಯಿಗಿಡಲು ಮರೆತರು. ಆದರೂ, "ವಾಸ್ತು ಆಗ್ಲಿ, ನೋಡೋಣ" ಎಂದು ಪಟ್ಟು ಸಡಿಲಿಸಲಿಲ್ಲ.

ವಾಸ್ತುವಿನ ದಿನ ಮನೆ ತುಂಬ ಜನ. ಅಯ್ನೋರು ಮಂತ್ರ ಹೇಳುತ್ತ ಕೋಣೆ ಕೋಣೆಗೂ ಮಾವಿನೆಲೆಯಿಂದ ಏನೋ ಚಿಮುಕಿಸುತ್ತ ಬಂದರು. ಹತ್ತಿರ ಬಂದಾಗ ವಾಸನೆ ಬಂತು. ಗೋಮೂತ್ರ! ಇನ್ನೆರಡು ಹೆಜ್ಜೆಗೆ ಆ ಮೂಲೆ. ಅಷ್ಟರಲ್ಲಿ ಮಾವನವರು ಎರಡೂ ಕೈ ಅಗಲಿಸಿ ಮೂಲೆಗೆ ಅಡ್ಡ ನಿಂತರು.

"ಅಯ್ನೋರ, ತಮ್ಮ ಪಾದಕ್ಕ ಶರಣು. ಈ ಮೂಲಿ ಒಂದ್ ಬಿಡ್ರಿ."

"ಯಾಕಪ್ಪ? ಮನಿ ಶುದ್ಧ ಆಗ್ಬೇಕಲ್ಲ?"

"ಈ ಮೂಲಿ ಬ್ಯಾರೆಯವರ ಹದ್ದಿನಾಗ ಬರ್ತದ್ರಿ."

ನೆಂಟರೆಲ್ಲ ಮುಖ ಮುಖ ನೋಡಿಕೊಂಡರು. ಅಯ್ನೋರು ಕಾಲ ಬಳಿ ಬಾಲ ಅಲ್ಲಾಡಿಸುತ್ತಿದ್ದ ಮೋತಿಯನ್ನು ನೋಡಿ ನಕ್ಕು, ಮೂಲೆಗೆ ಬರೀ ವಿಭೂತಿ ಹಚ್ಚಿ ಮುಂದೆ ಹೋದರು. ಎಲ್ಲರೆದುರು ಅಪ್ಪ ಒಂದು ನಾಯಿಗೋಸ್ಕರ ಕೈ ಅಗಲಿಸಿ ನಿಂತ ಮೇಲೆ ನನ್ನ ಗಂಡ ತಾನೇ ಏನು ಮಾಡಿಯಾರು? ಆ ರಾತ್ರಿ ಜಳಕೋಟಕ್ಕೆ ಫೋನ್ ಮಾಡಿ ಪಾರ್ಸಲ್ ರದ್ದು ಎಂದರು. ನಾನು ಮೋತಿಗೆ ಮದುವೆ ಮನೆಯವರಿಗೆ ಬಡಿಸುವ ಹಾಗೆ ಹೋಳಿಗೆ ಬಡಿಸಿದೆ.

ಮರುದಿನ ಬೆಳಗ್ಗೆ ಹೊಸ ಮನೆಯ ಹೊಸ್ತಿಲ ಮುಂದೆ ರಂಗೋಲಿ ಹಾಕಲು ಕೂತಿದ್ದೆ. ನಮ್ಮ ಮನೆಯ ಪದ್ಧತಿಯ ಕಮಲದ ರಂಗೋಲಿ, ಎರಡು ದಳ ಆಗಿತ್ತು. ಮಾವನವರು ಮೋತಿಯನ್ನು ಸುತ್ತಿಸಿಕೊಂಡು ಬಂದವರು ಒಳಗೆ ಹೋಗದೆ ನಿಂತರು.

"ಇದು ನಿಮ್ಮತ್ತಿದು" ಎಂದರು.

"ಹೌದ್ರಿ ಮಾವಾ."

"ನೀ ಮದಿವ್ಯಾಗಿ ಬಂದ ಹೊಸದಾಗ ದಿನಾ ಮುಂಜಾನೆ ಚುಕ್ಕಿ ರಂಗೋಲಿ ಹಾಕ್ತಿದ್ದಿ. ನಿಮ್ಮ ತವರ ಮನೀದು. ನೀ ಒಳಗ ಹೋದ ಕೂಡ್ಲೆ ಆಕಿ ನೀರ್ ಹೊಯ್ದು ಅಳಸಿ ತನ್ನ ಕಮಲ ಹಾಕ್ತಿದ್ಲು. ಮರುದಿನ ನೀ ಮತ್ತ ನಿಂದೇ ಹಾಕ್ತಿದ್ದಿ. ಒಂದ್ ವರ್ಷ ನಡೀತು. ಆಮ್ಯಾಲ ನೀ ಬಿಟ್ಟಿ."

ನಾನು ತಲೆ ಎತ್ತಲಿಲ್ಲ. ಅದು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಗಂಡನಿಗೂ ಹೇಳಿರಲಿಲ್ಲ.

"ಆಕಿ ಕೆಟ್ಟಾಕಿ ಅಲ್ಲವ್ವ. ನಾ ಕಟ್ಟಿ ಮ್ಯಾಲ ಕುಂತು ಎಲ್ಲಾ ನೋಡ್ತಿದ್ದೆ. ನಾಯಿ ಏನ್ ಹೇಳ್ಲಿಕತ್ತದ ಅಂತ ತಿಳೀಲಿಕ್ಕ ನನಗ ಮೂರು ವಾರ ಬೇಕಾತು. ನೀ ಹೇಳ್ತಿದ್ದದ್ದು ಅವತ್ತೇ ತಿಳಿದಿತ್ತು. ತಿಳಿದೂ ಸುಮ್ಮ ಕುಂತೆ." ಕಮಲದ ಕಡೆ ಬೆರಳು ತೋರಿಸಿ, "ಇದನ್ನ ಅಳಸು. ನಿಂದು ಹಾಕು" ಎಂದರು.

ಹತ್ತೊಂಬತ್ತು ವರ್ಷದಲ್ಲಿ ಗಂಡನ ಮನೆಯಲ್ಲಿ ಯಾರ ಮುಂದೆಯೂ ಅತ್ತವಳಲ್ಲ ನಾನು. ಆವತ್ತು ಹೊಸ್ತಿಲ ಮುಂದೆ ಕೂತು ಸೆರಗು ಬಾಯಿಗೆ ಹಿಡಿದು ಅತ್ತೆ. ಮೋತಿ ಬಂದು ಮೊಣಕೈ ನೆಕ್ಕಿತು. ಕಮಲವನ್ನು ಅಂಗೈಯಿಂದ ಒರೆಸಿ, ಚಿಟಿಕೆಯಲ್ಲಿ ಪುಡಿ ಹಿಡಿದೆ. ಆದರೆ ಕೈ ಮುಂದೆ ಹೋಗಲಿಲ್ಲ. ಎಷ್ಟು ಚುಕ್ಕಿ ಇಟ್ಟು ಶುರು ಮಾಡಬೇಕು ಎಂಬುದೇ ಮರೆತುಹೋಗಿತ್ತು.

"ಒಂಬತ್ತು ಚುಕ್ಕಿ, ಒಂಬತ್ತು ಸಾಲು" ಎಂದರು ಮಾವನವರು. "ನಾ ದಿನಾ ಎಣಸ್ತಿದ್ದೆ."