ಮೆಟ್ಟಿಲು ಹತ್ತಬಾರದ ಗುಮಾಸ್ತ

ಹಳೇ ಡಾಕ್ಟರು ನಿವೃತ್ತರಾದರು ಎಂದು ಕೇಳಿ ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ಕಂಗಾಲಾದವನು ಯಾವ ಕಾಯಿಲೆಯೂ ಇಲ್ಲದ ಒಬ್ಬ ಗುಮಾಸ್ತ.

ಒಂಬತ್ತು ವರ್ಷದ ಹಿಂದೆ ಅವನು ನೆಗಡಿ ಎಂದು ಅವರ ಹತ್ತಿರ ಹೋಗಿ ಹೃದ್ರೋಗಿಯಾಗಿ ವಾಪಸ್ ಬಂದಿದ್ದ. 'ಹೃದಯ ದುರ್ಬಲ, ಮೆಟ್ಟಿಲು ಹತ್ತಬಾರದು' ಎಂದು ಡಾಕ್ಟರು ಅವನು ಕೇಳದೆಯೇ ಸರ್ಟಿಫಿಕೇಟು ಬರೆದಿದ್ದರು. ಮೊದಲ ವಾರ ಅತ್ತ. ಎರಡನೇ ವಾರ ಆಫೀಸಿನವರು ಅವನ ಕುರ್ಚಿಯನ್ನು ಮೂರನೇ ಮಹಡಿಯಿಂದ ಇಳಿಸಿ, ಕೆಳಗೆ ಕಿಟಕಿ ಪಕ್ಕ ಹಾಕಿಕೊಟ್ಟರು. ತಲೆ ಮೇಲೆ ಸ್ವಂತ ಫ್ಯಾನು, ಕೈ ಚಾಚಿದರೆ ಚಹಾ, ಎದುರಿಗೆ ಇಡೀ ರಸ್ತೆ. ಮೂರನೇ ವಾರ ಅವನಿಗೆ ತನ್ನ ಹೃದಯದ ಮೇಲೆ ಪ್ರೀತಿ ಹುಟ್ಟಿತು. ಆಮೇಲೆ ಎದೆ ಒಂದು ದಿನವೂ ನೋಯಲಿಲ್ಲ. ಅದನ್ನು ಯಾರಿಗೂ ಹೇಳುವ ಅಗತ್ಯವೂ ಅವನಿಗೆ ಕಾಣಲಿಲ್ಲ.

ಸರ್ಟಿಫಿಕೇಟನ್ನು ಮಾತ್ರ ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಕ್ಲಿನಿಕ್ಕು ಇರುವುದು ಎರಡನೇ ಮಹಡಿಯಲ್ಲಿ, ಲಿಫ್ಟಿಲ್ಲ. ಮೆಟ್ಟಿಲು ಹತ್ತಬಾರದು ಎಂದು ಬರೆಸಿಕೊಳ್ಳಲು ಅವನು ಪ್ರತಿ ವರ್ಷ ನಲವತ್ತೆರಡು ಮೆಟ್ಟಿಲು ಹತ್ತುತ್ತಿದ್ದ. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಂಡಿರಲಿಲ್ಲ.

ಈ ಸಲದ ಕಡೇ ದಿನ ಇವತ್ತು. ಸಂಜೆಯೊಳಗೆ ಸರ್ಟಿಫಿಕೇಟು ಸಾಹೇಬರ ಮೇಜಿನ ಮೇಲಿರಬೇಕು, ಇಲ್ಲದಿದ್ದರೆ ಕಿಟಕಿ ಹೋಯಿತು. ಕ್ಲಿನಿಕ್ಕಿಗೆ ಬಂದಿರುವ ಹೊಸ ಡಾಕ್ಟರಮ್ಮ ರೋಗಿಗಳನ್ನು ಮುಟ್ಟಿ ಪರೀಕ್ಷೆ ಮಾಡುತ್ತಾರೆ ಎಂಬ ಭಯಂಕರ ಸುದ್ದಿ ಆಗಲೇ ಹಬ್ಬಿತ್ತು.

"ಸುಮ್ನೆ ಹೋಗಿ ಕೂತ್ರೆ ಸಿಕ್ಕಿಬೀಳ್ತೀಯ ಕಣಯ್ಯ," ಎಂದರು ಪಕ್ಕದ ಮನೆ ಡ್ರಿಲ್ ಮೇಷ್ಟ್ರು. "ಒಳಗೆ ಹೋಗೋ ಮುಂಚೆ ನಾಲ್ಕು ಸಲ ಮೆಟ್ಟಿಲು ಹತ್ತಿ ಇಳಿ. ಎದೆ ತಾನಾಗೇ ಕುಣಿಯುತ್ತೆ."

"ಎದೆ ಕುಣಿಸೋದು ಬೇಡ, ನಾಲಿಗೆ ಕುಣಿಸದೆ ಇದ್ರೆ ಸಾಕು," ಎಂದಳು ಇಸ್ತ್ರಿ ಹಾಕುತ್ತಿದ್ದ ಹೆಂಡತಿ. ಅವನಿಗದು ಕೇಳಿಸಲಿಲ್ಲ, ಅವನು ಮಾತಾಡುತ್ತಿದ್ದ.

ಕ್ಲಿನಿಕ್ಕಿನ ಬೆಂಚಿನ ಮೇಲೆ ಸೂತಕದ ಕಳೆ. ಹಳೇ ಡಾಕ್ಟರು ರೋಗಿ ಕೂರುವ ಮೊದಲೇ ಚೀಟಿ ಬರೆದು ಮುಗಿಸುತ್ತಿದ್ದರು, ಈಕೆ ಮೊನ್ನೆ ಎಷ್ಟೊತ್ತಿಗೆ ಮಲಗ್ತೀರಿ ಎಂದೆಲ್ಲ ಕೇಳಿ ಮೂರು ಸುಳ್ಳು ಹೇಳಿಸಿದಳು ಎಂದು ಒಬ್ಬ ದರ್ಜಿ ಗೊಣಗಿದ. ಒಬ್ಬ ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ಇಪ್ಪತ್ತು ವರ್ಷದಿಂದ ಜೋಪಾನ ಮಾಡ್ಕೊಂಡು ಬಂದಿದ್ದ ಬಿಪಿ ಕಣಪ್ಪ. ಐದೇ ನಿಮಿಷದಲ್ಲಿ ಇಲ್ಲ ಅಂದ್ಬಿಟ್ಲು. ಇನ್ನು ಸೊಸೆ ಮುಂದೆ ಹೇಗೆ ತಲೆ ಎತ್ಲಿ?"

ಗುಮಾಸ್ತ ಅವರನ್ನು ಸಮಾಧಾನ ಮಾಡಲು ತನ್ನ ಹೃದಯದ ಕತೆಯನ್ನು ನೆಗಡಿಯಿಂದ ಶುರುಮಾಡಿ ಹೇಳಿದ. ತಡವಾಗಿ ಬಂದವರಿಗಾಗಿ ಇನ್ನೊಮ್ಮೆ ಹೇಳಿದ. ದರ್ಜಿ ಸೇರಿ ಮೂವರು ತಮ್ಮ ಸರದಿ ಬಿಟ್ಟು ಮನೆಗೆ ಹೋದರು.

ಡಾಕ್ಟರಮ್ಮ ಊಟಕ್ಕೆ ಹೋಗಿದ್ದರು, ಇದೇ ಸಮಯ ಎಂದು ಅವನು ಮೆಟ್ಟಿಲು ಹತ್ತಿ ಇಳಿಯತೊಡಗಿದ. ಮೂರನೇ ಸುತ್ತಿನಲ್ಲಿ ಚೀಲ ಹಿಡಿದು ನಿಧಾನಕ್ಕೆ ಹತ್ತುತ್ತಿದ್ದ ಒಬ್ಬ ಹೆಂಗಸು ಅಡ್ಡ ಸಿಕ್ಕಳು. "ಸ್ವಲ್ಪ ಸರೀರಿ ಮೇಡಂ, ಹಾರ್ಟ್ ಪೇಷಂಟು," ಎನ್ನುತ್ತ ಎರಡೆರಡು ಮೆಟ್ಟಿಲು ಹಾರಿ ಮುಂದೆ ಹೋದ. ಇಳಿಯುವಾಗ ಒಮ್ಮೆ, ಮತ್ತೆ ಹತ್ತುವಾಗ ಇನ್ನೊಮ್ಮೆ ಆಕೆಯನ್ನು ದಾಟಿದ.

ಹತ್ತು ನಿಮಿಷದ ಮೇಲೆ ಒಳಗೆ ಕರೆದರು. ಮೇಜಿನ ಮೇಲೆ ಅದೇ ಚೀಲ, ಹಿಂದೆ ಅದೇ ಹೆಂಗಸು.

ಡಾಕ್ಟರಮ್ಮ ಅವನನ್ನು ಮಲಗಿಸಿದರು. ಎದೆಗೆ ಸ್ಟೆತಾಸ್ಕೋಪು ಇಟ್ಟರು, ಇಸಿಜಿ ತೆಗೆದರು. ನಂಬಿಕೆದ್ರೋಹಿ ಹೃದಯ ಅಷ್ಟರಲ್ಲಿ ಮಧ್ಯಾಹ್ನದ ಬೆಕ್ಕಿನ ಹಾಗೆ ಮಲಗಿಬಿಟ್ಟಿತ್ತು.

"ನನ್ನ ಹೃದಯಕ್ಕಿಂತ ನಿಮ್ದೇ ಚೆನ್ನಾಗಿದೆ," ಎಂದರು.

ಹಳೇ ಡಾಕ್ಟ್ರು ಸುಮ್ನೆ ಬರೀತಾರಾ, ಅವರ ಕಾರ್ಡು ನೋಡಿ ಎಂದು ಅವನು ಗೋಗರೆದ. ಡಾಕ್ಟರಮ್ಮ ಬೀರುವಿನಿಂದ ಹಳದಿ ಕಾರ್ಡು ತೆಗೆದು ಓದಿದರು, ತುಟಿ ಕಚ್ಚಿಕೊಂಡರು, ಅವನ ಕಡೆ ತಿರುಗಿಸಿದರು.

'ನೆಗಡಿ. ಹೃದಯ ಕಲ್ಲುಗುಂಡು. ಇವನ ಮಾತಿನಿಂದ ಮೂರನೇ ಮಹಡಿಯಲ್ಲಿ ಯಾರಿಗೂ ಕೆಲಸ ಮಾಡಲು ಆಗುತ್ತಿಲ್ಲವಂತೆ. ಇವನ ಸಾಹೇಬರು ಬಂದು ಕೈಮುಗಿದರು. ಕೆಳಗಿಳಿಸಿದ್ದೇನೆ.' ಅದರ ಕೆಳಗೆ ವರ್ಷಕ್ಕೊಂದು ಸಾಲು: 'ಸಾಹೇಬರು ಮತ್ತೆ ಬಂದಿದ್ದರು. ಮುಂದುವರಿಸಿದೆ.'

ಗುಮಾಸ್ತನಿಗೆ ಜೀವನದಲ್ಲಿ ಮೊದಲ ಸಲ ಮಾತು ಸಿಗಲಿಲ್ಲ.

ಸಂಜೆ ಸಾಹೇಬರು 'ಸಂಪೂರ್ಣ ಆರೋಗ್ಯವಂತ' ಎಂಬ ಕಾಗದ ಓದಿ ಬೆವೆತರು. ಇನ್ನು ಇವನನ್ನು ಕೆಳಗಿಡಲು ನೆಪವಿಲ್ಲ. ಕೂಡಲೇ ಕ್ಲಿನಿಕ್ಕಿಗೆ ಓಡಿ ಕೈಮುಗಿದರು. ಡಾಕ್ಟರಮ್ಮ ಅವರ ಮಾತು ಬಿಟ್ಟು ಅವರ ಬೆವರು ನೋಡಿದರು, ಕೂರಿಸಿ ಎದೆ ಪರೀಕ್ಷೆ ಮಾಡಿದರು. ಒಂಬತ್ತು ವರ್ಷ ತಪ್ಪದೆ ಡಾಕ್ಟರ ಹತ್ತಿರ ಹೋಗಿದ್ದ ಸಾಹೇಬರು ಗುಮಾಸ್ತನ ಹೃದಯದ ಬಗ್ಗೆ ಬಿಟ್ಟು ತಮ್ಮದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಮರುದಿನ ಕಿಟಕಿ ಪಕ್ಕ, ಸ್ವಂತ ಫ್ಯಾನಿನ ಕೆಳಗೆ, ಮೆಟ್ಟಿಲು ಹತ್ತಬಾರದ ಸಾಹೇಬರು ಕೂತಿದ್ದರು. ಮೂರನೇ ಮಹಡಿಯ ಶಾಂತಿಗಾಗಿ ಅವರು ಹೊರಡಿಸಿದ ಮೊದಲ ಆದೇಶದಂತೆ, ಗಟ್ಟಿ ಹೃದಯದ ಗುಮಾಸ್ತ ನೆಲಮಾಳಿಗೆಯ ಕಡತದ ಕೋಣೆಗೆ ಇಳಿದ. ಒಬ್ಬನೇ.

ಅಲ್ಲಿ ಅವನ ಮಾತು ಕೇಳಲು ನಲವತ್ತು ವರ್ಷದ ಕಡತಗಳಿವೆ, ಇದುವರೆಗೆ ಯಾವುದೂ ಎದ್ದು ಹೋಗಿಲ್ಲ. ಇಲಿಗಳು ಮಾತ್ರ ಮೊದಲ ವಾರದಲ್ಲೇ ಜಾಗ ಖಾಲಿ ಮಾಡಿದವು.