ಮಾವನ ಬಾಕಿ ಆಜ್ಞೆಗಳು

ನಾನು ಮಣಿಪಾಲದಲ್ಲಿ ಸಾಫ್ಟ್‌ವೇರ್ ಬರೆಯುವವನು. ಆಫೀಸಿನಲ್ಲಿ ಯಾರೂ ನನ್ನ ಮಾತಿಗೆ ಕಿವಿಗೊಡದ ಕಾರಣ, ನನ್ನ ಪ್ರತಿಭೆಯನ್ನೆಲ್ಲ ಅಲೆವೂರಿನ ಮಾವನ ಮನೆಗೆ ಧಾರೆ ಎರೆದೆ. ಫ್ಯಾನು, ರೇಡಿಯೋ, ಬಾವಿಯ ಪಂಪು, ಯಾವುದಕ್ಕೂ ಏಳಬೇಕಾಗಿಲ್ಲ. ಮೊಬೈಲಿನಲ್ಲಿ ಬಟನ್ ಒತ್ತಿದರೆ ಸಾಕು!

ಇದರ ಒಳಗುಟ್ಟು ಸರಳ. ಹೋಟೆಲಿನಲ್ಲಿ ಗಿರಾಕಿ ಅಡುಗೆಮನೆಗೆ ನುಗ್ಗುವುದಿಲ್ಲ. ಸಪ್ಲೈಯರ್ ಚೀಟಿ ಬರೆದು ಒಳಗೆ ಕೊಡುತ್ತಾನೆ. ಹಾಗೆಯೇ ನನ್ನ ಬಟನ್ ಪಂಪನ್ನು ಮುಟ್ಟುವುದಿಲ್ಲ. 'ಪಂಪ್ ಹಾಕು' ಎಂಬ ಆಜ್ಞೆಯನ್ನು, ಒತ್ತಿದವರ ಹೆಸರು ಸಮೇತ, ಚೀಟಿ ಮಾಡಿ ಒಳಗೆ ಕಳುಹಿಸುತ್ತದೆ. ನೆಟ್ ಇಲ್ಲದಿದ್ದರೆ ಚೀಟಿ ಕಾಯುತ್ತದೆ. ಎಷ್ಟು ಕಾಲವಾದರೂ ಕಾಯುತ್ತದೆ. ಅದಕ್ಕೊಂದು ವಾಯಿದೆ ಇಡಬೇಕೆಂದು ಈ ಮಹಾಶಯನಿಗೆ ಹೊಳೆಯಲಿಲ್ಲ. ಸಾಲದ್ದಕ್ಕೆ, ಯಾರ ಆಜ್ಞೆಯಂತೆ ಏನಾಯಿತೆಂದು ಚಾವಡಿಯ ಸ್ಪೀಕರಿನಲ್ಲಿ ಘೋಷಿಸುವ ವ್ಯವಸ್ಥೆಯನ್ನೂ ಮಾಡಿದ್ದೆ.

ಮಾವ ಕಳೆದ ವರ್ಷ ತೀರಿಕೊಂಡರು. ಬಂಗುಡೆ ಮೀನಿನ ಪುಳಿಮುಂಚಿ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮುನಿಸಿಕೊಂಡು ಮಧ್ಯಾಹ್ನದ ಊಟ ಬಿಟ್ಟು ಎದ್ದವರು, ಸಂಜೆಯ ಹೊತ್ತಿಗೆ ಇರಲಿಲ್ಲ. ಹಸಿದ ಹೊಟ್ಟೆಯಲ್ಲಿ ಕಳುಹಿಸಿಬಿಟ್ಟೆನಲ್ಲಾ ಎಂಬ ಕೊರಗು ಅಂದಿನಿಂದ ಅತ್ತೆಯನ್ನು ಬಿಟ್ಟಿಲ್ಲ.

ವರ್ಷ ತುಂಬಿದ ದಿನ ಸತ್ತವರಿಗೆ ಬಡಿಸುವ ಕ್ರಮ ನಮ್ಮಲ್ಲಿದೆ. ಕೋಣೆಯೊಳಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಸುಮ್ಮನೆ ಕಾಯಬೇಕು. ಅವರು ಬಂದು ಉಣ್ಣುತ್ತಾರೆ. ಮಾವನಿಗೂ ಹಾಗೆಯೇ ಬಡಿಸಿ ಚಾವಡಿಯಲ್ಲಿ ಕಾಯುತ್ತಿದ್ದೆವು.

"ಉಂಡರೋ ಇಲ್ಲವೋ ಅಂತ ನಮಗೆ ಹೇಗೆ ಗೊತ್ತಾಗುವುದು?" ಅತ್ತೆ ಪಿಸುಗುಟ್ಟಿದರು.

ಆಗ ಮುಚ್ಚಿದ ಕೋಣೆಯೊಳಗೆ ಫ್ಯಾನು ತಿರುಗತೊಡಗಿತು. ಬಾಳೆಎಲೆ ಸರಸರ ಅಲ್ಲಾಡಿದ ಸದ್ದು ಕೇಳಿಸಿತು. ಬಾಗಿಲ ಸಂದಿಯಿಂದ ಗಾಳಿ ಬಂದು ನಮ್ಮ ಪಾದಗಳಿಗೆ ತಣ್ಣಗೆ ತಾಗಿತು.

"ಶ್ರೀ ವಾಸು ಅವರ ಆಜ್ಞೆಯಂತೆ ಫ್ಯಾನ್ ಚಾಲನೆಗೊಂಡಿದೆ," ಎಂದಿತು ಸ್ಪೀಕರು.

ವಾಸು ಎಂದರೆ ಮಾವ. ವೈಜ್ಞಾನಿಕ ಮನೋಭಾವದವನಾದ ನಾನು ಹೆಂಡತಿಯ ಹಿಂದೆ ಸರಿದು ನಿಂತೆ.

ರೇಡಿಯೋ ತಾನಾಗಿ ಕೊರಕೊರ ಎಂದಿತು. ಹಿತ್ತಿಲಿನಲ್ಲಿ ಪಂಪು ಗುಂಯ್‌ಗುಟ್ಟಿ, ಯಾರೂ ಹಿಡಿಯದ ಪೈಪಿನಿಂದ ನೀರು ಹರಿಯತೊಡಗಿತು. ಒಂದೊಂದಕ್ಕೂ ಶ್ರೀ ವಾಸು ಅವರ ಆಜ್ಞೆ.

"ಶ್ಯಾಮಲಾ, ಮಾವನ ಮೊಬೈಲ್ ಎಲ್ಲಿ?" ಎಂದೆ ಹೆಂಡತಿಗೆ.

"ಅದರಲ್ಲಿ ಅಪ್ಪನ ಫೋಟೋ ಉಂಟಲ್ಲ, ತೆಗೆಯಲಿಕ್ಕೆ ಅಂತ ಈಗಷ್ಟೇ ಚಾರ್ಜಿಗೆ ಇಟ್ಟು ವೈಫೈ ಹಾಕಿದೆ. ಎಂತಕ್ಕೆ?"

ನನಗೆ ಹೋದ ಜೀವ ಬಂತು. ಆ ಮೊಬೈಲಿಗೆ ನಾನು ವೈಫೈ ಹಾಕಿಕೊಟ್ಟೇ ಇರಲಿಲ್ಲ! ಮಾವ ಒತ್ತಿದ್ದೆಲ್ಲ ಚೀಟಿಯಾಗಿ ಅದರೊಳಗೇ ಕೊಳೆಯುತ್ತಿದ್ದದ್ದು ಈಗ ಹೊರಟಿತ್ತು. ತಕ್ಷಣ ನನ್ನ ಮೊಬೈಲಿನಲ್ಲಿ 'ಎಲ್ಲ ರದ್ದು' ಒತ್ತಿದೆ. ಅದೂ ಒಂದು ಆಜ್ಞೆಯೇ ತಾನೆ? ಮಾವನ ಆಜ್ಞೆಗಳ ಹಿಂದೆ, ಸಾಲಿನ ಕೊನೆಯಲ್ಲಿ, ವಿನಯವಂತ ಅಳಿಯನಂತೆ ಹೋಗಿ ನಿಂತಿತು.

ಬೇರೆ ದಾರಿ ಕಾಣದೆ ಅತ್ತೆಗೆ ವಿವರಿಸಿದೆ. "ಅತ್ತೆ, ಇದು ಹಳೆಯ ಆಜ್ಞೆ. ಆಗ ಒತ್ತಿದ್ದು ಈಗ ತಲುಪಿದೆ, ಅಷ್ಟೇ."

"ಒತ್ತಿದ್ದು ಅವರೇ ಅಲ್ವಾ?"

"ಅವರೇ."

"ಮತ್ತೆ ನೀವು ಎಂತ ಹೇಳುವುದು?"

ಅತ್ತೆ ಮೆಲ್ಲಗೆ ಮುಂದುವರಿಸಿದರು: "ಪಾಪ, ಒತ್ತಿ ಒತ್ತಿ ಸಾಕಾಗಿ, ಕೊನೆಗೆ ಎದ್ದು ಹೋಗಿ ಕೈಯಲ್ಲೇ ಸ್ವಿಚ್ ಹಾಕುತ್ತಿದ್ದರು. ಅಳಿಯನಿಗೆ ಹೇಳಬೇಡ, ಬೇಜಾರು ಮಾಡಿಕೊಳ್ತಾರೆ ಅಂತ ನನ್ನ ಬಾಯಿ ಮುಚ್ಚಿಸಿದ್ದರು."

ಭೂತಕ್ಕೆ ಹೆದರಿದ್ದಕ್ಕಿಂತ ಹೆಚ್ಚು ನಾನು ಬೆವರಿದ್ದು ಆಗ.

ಅತ್ತೆ ಬಾಗಿಲು ತೆರೆದರು. ಎಲೆಯ ತುದಿ, ಉಂಡು ಎದ್ದವರು ಮಡಚುವ ಹಾಗೆ, ಅನ್ನದ ಮೇಲೆ ಮಡಚಿ ಬಿದ್ದಿತ್ತು. ಅದು ಫ್ಯಾನಿನ ಗಾಳಿ ಎನ್ನಲು ಬಾಯಿ ತೆರೆದೆ. ಶ್ಯಾಮಲಾ ನನ್ನ ಕಾಲು ತುಳಿದಳು.

"ಉಂಡರು," ಎಂದರು ಅತ್ತೆ. ಕಣ್ಣೊರೆಸಿಕೊಂಡು, ವರ್ಷದ ಮೇಲೆ ಅಂದು ಹೊಟ್ಟೆ ತುಂಬ ಊಟ ಮಾಡಿದರು.

ಮನೆಗೆ ಮರಳುವಾಗ, "ನಾಳೆಯೇ ಅದನ್ನು ಸರಿ ಮಾಡುತ್ತೇನೆ," ಎಂದೆ.

"ಎಂತಕ್ಕೆ? ಸತ್ತವರಿಗೆ ಸರಿಯಾಗಿಯೇ ಉಂಟು," ಎಂದಳು ಶ್ಯಾಮಲಾ. "ಬದುಕಿರುವವರಿಗೆ ಬೇರೆ ಒಂದು ಮಾಡಿ."